ಹಳೇ ಹಾಡೋ ಹೊಸ ಹಾಡೋ ಆಮೇಲೆ, ಮೊದಲು ಸ್ಕೇಲ್ ಇಳಿಸಿ

ನಿಮ್ಮ ಚರ್ಚಿನಲ್ಲಿ ಹಿರಿಯರಿಗೆ ಸಂಗೀತ ಪುಸ್ತಕದ ಹಳೇ ಕ್ರೈಸ್ತ ಹಾಡೇ ಬೇಕು, ಯೌವನಸ್ಥರಿಗೆ ಹೊಸ ಹಾಡು ಬೇಕು, ಆರಾಧನೆ ನಡೆಸುವ ಹೊಣೆ ನಿಮ್ಮ ತಲೆಗೆ ಬಂದಿದೆ. ಯಾರ ಮಾತು ಕೇಳಲಿ, ಡ್ರಮ್ಸ್ ತಂದರೆ ಸರಿಹೋಗುತ್ತಾ, ಶ್ರುತಿ ನಿಲ್ಲದ ಹಿರಿಯರಿಗೆ ಮೈಕ್ ಕೊಡಬೇಕಾ ಅಂತ ಕೇಳಿದ್ದೀರಿ. ಬ್ರದರ್, ಇದನ್ನ ನಾನೇ ಬರೆದಿದ್ದೇನೋ ಅನ್ನಿಸಿಬಿಡ್ತು.

ನಮ್ಮ ಚರ್ಚಿನ ಹಾಡುವ ತಂಡ ನಾನು ವಹಿಸಿಕೊಂಡಾಗಲೂ ಇದೇ ಜಗಳ. ನಾನೊಂದು ಜಾಣತನ ಮಾಡಿದೆ: ಎರಡು ಹಳೇದು, ಎರಡು ಹೊಸದು, ಇಬ್ಬರಿಗೂ ಸಮಪಾಲು. ಆಮೇಲೆ ಯಾರೂ ಬಾಯಿ ಬಿಡಲಿಲ್ಲ. ದೂರೋದಕ್ಕೂ ಬಿಡಲಿಲ್ಲ, ಹಾಡೋದಕ್ಕೂ ಬಿಡಲಿಲ್ಲ. ಮೊದಲನೇದು ಮಾತ್ರ ನನಗೆ ಗೊತ್ತಾಯ್ತು. ಕಣ್ಣು ಮುಚ್ಚಿ ಹಾಡುವವನು ನಾನು, ಕಾಲ ಬುಡದಲ್ಲಿ ಮಾನಿಟರ್ ಸ್ಪೀಕರ್, ಅದರ ತುಂಬ ನನ್ನದೇ ದನಿ. ಸಭೆ ಸುಮ್ಮನಿದೆ ಅಂತ ಗೊತ್ತಾಗೋದಾದರೂ ಹೇಗೆ?

ಗೊತ್ತಾಗಿದ್ದು ಒಂದು ಸಾವಿನ ಮನೆಯಲ್ಲಿ. ಸಭೆಯ ಹಿರಿಯ ತಾಯಿಯೊಬ್ಬರು ತೀರಿಕೊಂಡಿದ್ದರು. ಗಿಟಾರ್ ಹೆಗಲಿಗೇರಿಸಿ ಹೋದೆ. ಅವರ ಮಗ ನನ್ನನ್ನ ಬಾಗಿಲ ಪಕ್ಕಕ್ಕೆ ಕರೆದು, "ಬ್ರದರ್, ತಪ್ಪು ತಿಳ್ಕೋಬೇಡಿ. ಇವತ್ತು ಹಾಡು ನಾವೇ ಎತ್ಕೋತೀವಿ. ನೀವು ಹಾಡಿದ್ರೆ ನಾವು ಕೇಳ್ತಾ ನಿಂತ್ಬಿಡ್ತೀವಿ. ಅಮ್ಮನ್ನ ನಾವು ಹಾಡಿ ಕಳಿಸ್ಬೇಕು" ಅಂದ. ಒಳಗೆ ಯಾರೋ ಮೂಲೆಯಲ್ಲಿ ಕೂತವರು ಮೆಲ್ಲಗೆ, ತಗ್ಗಿನ ದನಿಯಲ್ಲಿ ಹಾಡು ಎತ್ತಿದರು. ಎರಡನೇ ಸಾಲಿಗೆ ಇಡೀ ಮನೆ ಹಾಡುತ್ತಿತ್ತು. ಹಿಂದಿನ ಭಾನುವಾರವಷ್ಟೇ ನಾನು ಹಾಡಿಸಿದ್ದ ಹಾಡು, ಅದೇ ಜನ.

ಅವಮಾನವಾಯ್ತು, ನಿಜ. ಅದಕ್ಕಿಂತ ಹೆಚ್ಚಾಗಿ ಲೆಕ್ಕ ಹತ್ತಲಿಲ್ಲ. ಹಾಡು ಹಳೇದಾ ಹೊಸದಾ ಅನ್ನೋದೇ ಸಮಸ್ಯೆಯಾಗಿದ್ದರೆ ಇವರು ಇಲ್ಲೂ ಸುಮ್ಮನಿರಬೇಕಿತ್ತಲ್ಲ? ಮನೆಗೆ ಬಂದು ಕೀಬೋರ್ಡ್ ಮುಂದೆ ಕೂತು, ಕಿವಿಯಲ್ಲಿ ಉಳಿದಿದ್ದ ಶ್ರುತಿ ಹುಡುಕಿದೆ. ನಾನು ಹಾಡುವುದಕ್ಕಿಂತ ಐದು ಸೆಮಿಟೋನ್, ಅಂದರೆ ಕೀಬೋರ್ಡಿನಲ್ಲಿ ಕಪ್ಪು ಬಿಳಿ ಎರಡೂ ಸೇರಿ ಐದು ಮನೆ, ಕೆಳಗೆ ಹಾಡಿದ್ದರು.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಸರ ಮಾಡ್ಕೋಬೇಡಿ, ನಾನು ಕೆಟ್ಟಿದ್ದು ಇಲ್ಲೇ. ನನ್ನದು ಏರುದನಿ. ರೆಕಾರ್ಡಿಂಗ್‌ನಲ್ಲಿ ಬರುವ ಆರಾಧನಾ ಹಾಡುಗಳಲ್ಲೂ ಬಹಳಷ್ಟು ಅಂಥದೇ ದನಿಗೆ ಮಾಡಿದವು. ರೆಕಾರ್ಡಿಂಗ್‌ನ ಸ್ಕೇಲನ್ನೇ, ಅಂದರೆ ಅದರ ಶ್ರುತಿಯನ್ನೇ, ಇಟ್ಟುಕೊಂಡು ಹಾಡುತ್ತಿದ್ದೆ. ಚರಣ ಕೆಳಗೆ ಗುನುಗಿದ ಹಾಗೆ ಶುರುವಾಗುತ್ತೆ, ಪಲ್ಲವಿ ಹೋಗಿ ಮೇಲಿನ ಜಿ ಸ್ವರ ಮುಟ್ಟುತ್ತೆ. ಅಭ್ಯಾಸವಿಲ್ಲದ ಹೆಣ್ಣುದನಿಗೆ, ಅದೂ ಬೆಳಗ್ಗೆ ಗಂಟಲು ಬಿಡುವ ಮೊದಲು, ಕೀಬೋರ್ಡಿನ ಮಧ್ಯದ ಸಿ ಗಿಂತ ಸ್ವಲ್ಪ ಕೆಳಗಿನ ಎ ಯಿಂದ ಒಂದು ಸ್ಥಾಯಿ (ಆಕ್ಟೇವ್) ಮೇಲಿನ ಡಿ ತನಕ ಆರಾಮ. ಗಂಡಸರಿಗೆ ಇದೇ ಹರವು, ಒಂದು ಸ್ಥಾಯಿ ಕೆಳಗೆ. ನಾನು ಜಿ ಗೆ ಏರಿದಾಗ ಗಂಡಸರಿಗೆ ಅದು ಎಟುಕುವುದಿಲ್ಲ. ಒಂದು ಸ್ಥಾಯಿ ಇಳಿದರೆ ಚರಣದಲ್ಲಿ ದನಿ ಕೇಳುವುದೇ ಇಲ್ಲ. ಹೆಂಗಸರಿಗೆ ನನ್ನ ಚರಣ ತೀರಾ ತಗ್ಗು. ಅದಕ್ಕೆ ಅವರು ಒಂದು ಸ್ಥಾಯಿ ಮೇಲೆ ಹಿಡಿದರೆ ಪಲ್ಲವಿ ಬರುವ ಹೊತ್ತಿಗೆ ಕಿರುಚಬೇಕು. ಎರಡು ವಾರ ಪ್ರಯತ್ನ ಪಡ್ತಾರೆ, ಮೂರನೇ ವಾರ ಕೈ ಕಟ್ಟಿ ನಿಲ್ತಾರೆ. ಹೊರಗಿನಿಂದ ನೋಡಿದರೆ ಭಕ್ತಿ ಕಡಿಮೆಯಾದ ಹಾಗೆ ಕಾಣುತ್ತೆ. ಗಂಟಲು ಸೋತಿರೋದು ಅಷ್ಟೇ.

ಪರಿಹಾರ ಕೀಬೋರ್ಡ್‌ನ ಟ್ರಾನ್ಸ್‌ಪೋಸ್ ಬಟನ್ನಿನಲ್ಲೇ ಇದೆ, ಅದು ಇಡೀ ಹಾಡಿನ ಶ್ರುತಿಯನ್ನೇ ಏರಿಸಿ ಇಳಿಸುತ್ತೆ. ಜಿ ಮುಟ್ಟುವ ಹಾಡನ್ನ ಐದು ಸೆಮಿಟೋನ್ ಇಳಿಸಿ, ಡಿ ಗೆ ನಿಲ್ಲುತ್ತೆ. ಆದರೆ ಇಳಿಸಿದಾಗ ನನ್ನ ದನಿ ಮೈಕಿನಲ್ಲಿ ಮಂಕಾಯ್ತು. ಆ ಮಂಕು ಸಹಿಸೋದೇ ನನಗೆ ಕಷ್ಟವಾಗಿದ್ದು. ಮೇಲಿನ ಸ್ವರ ಹಿಡಿದು ನಿಲ್ಲಿಸಿದ ದಿನ ಜನ ಬಂದು "ಅಭಿಷೇಕ ಇತ್ತು ಬ್ರದರ್" (ದೇವರಾತ್ಮ ಇಳಿದ ಹಾಗಿತ್ತು) ಅಂತ ಕೈ ಕುಲುಕುತ್ತಿದ್ದರಲ್ಲ, ಅದನ್ನ ಬಿಡಬೇಕಿತ್ತು. ಸಾಲಿನ ಕೊನೆ ಎಳೆದಾಡೋದು, ಮನಸ್ಸು ಬಂದಷ್ಟು ಸಲ ಪಲ್ಲವಿ ತಿರುಗಿಸೋದು, ವಾರಕ್ಕೊಂದು ಥರ ಮಧ್ಯೆ ಕೀಬೋರ್ಡ್ ಬಾರಿಸೋದು, ಇವೂ ಇದೇ ರೋಗ. ಎಲ್ಲಿ ಸೇರಿಕೊಳ್ಳಬೇಕು ಅಂತ ಗೊತ್ತಾಗದಿದ್ದರೆ ಯಾರು ತಾನೇ ಬಾಯಿ ತೆಗೀತಾರೆ?

ಹಾಗಾಗಿ ಹಳೇದೋ ಹೊಸದೋ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಬೈಬಲ್ಲಿನ ಕೊಲೊಸ್ಸೆ 3:16 ರಲ್ಲಿ ಅಪೊಸ್ತಲ ಪೌಲ ಕೀರ್ತನೆ, ಸಂಗೀತ, ಆತ್ಮಸಂಬಂಧವಾದ ಪದ ಮೂರನ್ನೂ ಒಟ್ಟಿಗೆ ಹೇಳ್ತಾನೆ, ಹಾಡುತ್ತಾ ಒಬ್ಬರಿಗೊಬ್ಬರು ಉಪದೇಶ ಮಾಡಿಕೊಳ್ಳಿ, ಬುದ್ಧಿ ಹೇಳಿಕೊಳ್ಳಿ ಅಂತಾನೆ. ಪಕ್ಕದವರ ದನಿಯೇ ಕೇಳದಿದ್ದರೆ ಈ ವಾಕ್ಯ ಅರ್ಧ ಸತ್ತ ಹಾಗೆ. ಮೆಥಡಿಸ್ಟ್ ಚಳವಳಿ ಕಟ್ಟಿದ ಜಾನ್ ವೆಸ್ಲಿ 1761 ರಲ್ಲಿ ಹಾಡುವವರಿಗೆ ಕೊಟ್ಟ ಸೂಚನೆಗಳಲ್ಲಿ ಎಲ್ಲರೂ ಹಾಡಿ ಅಂತಲೂ ಇದೆ, ಮಿಕ್ಕವರಿಗಿಂತ ಮೇಲೆ ಕೇಳಿಸಬೇಕು ಅಂತ ಅರಚಬೇಡಿ ಅಂತಲೂ ಇದೆ. ಕಥೋಲಿಕ ಸಭೆಯ ಎರಡನೇ ವ್ಯಾಟಿಕನ್ ಮಹಾಸಭೆ 1963 ರಲ್ಲಿ ಹೊರಡಿಸಿದ ಆರಾಧನಾ ವಿಧಿಯ ದಸ್ತಾವೇಜಿನಲ್ಲೂ ಒತ್ತು ಇರೋದು ಜನ ಪೂರ್ಣವಾಗಿ, ಅರಿತು, ಸಕ್ರಿಯವಾಗಿ ಪಾಲ್ಗೊಳ್ಳೋದರ ಮೇಲೆ. ಹಾಡಿನ ವಿಷಯಕ್ಕಿಂತ ಹಾಡುವ ದನಿಯೇ ತನ್ನನ್ನ ಕರಗಿಸಿದಾಗ ಅದನ್ನ ಪಾಪ ಅಂತ ಎಣಿಸುವವನು ಹಳೇ ಕಾಲದ ಸಭಾಗುರು ಸಂತ ಆಗಸ್ಟೀನ್. ನನಗೆ ಅಷ್ಟು ಗಟ್ಟಿತನ ಇಲ್ಲ, ಆದರೂ ಕೈ ಕುಲುಕಿಸಿಕೊಂಡ ದಿನಗಳು ನೆನಪಾದಾಗ ಆ ಮಾತು ಚುಚ್ಚುತ್ತೆ.

ಡ್ರಮ್ಸ್ ವಿಚಾರ. ಬೈಬಲ್ಲಿನ 150ನೇ ಕೀರ್ತನೆಯಲ್ಲಿ ಝಲ್ಲೆನ್ನುವ ತಾಳವೇ ಇದೆ, ಹಾಗಾಗಿ ವಾದ್ಯ ತಪ್ಪು ಅನ್ನೋರ ಜೊತೆ ನಾನಿಲ್ಲ. ಆದರೆ ಆರ್ಥಡಾಕ್ಸ್ ಸಭೆಗಳಲ್ಲಿ ಹೆಚ್ಚಿನವು ಶತಮಾನಗಳಿಂದ ಬರೀ ಕಂಠದಲ್ಲೇ ಆರಾಧಿಸಿಕೊಂಡು ಬಂದಿವೆ, ಅವರಿಗೇನೂ ಕೊರತೆಯಾಗಿಲ್ಲ. ಸಭೆ ಹಾಡದಿರುವಾಗ ಡ್ರಮ್ಸ್ ತಂದರೆ ಆ ಮೌನ ಮುಚ್ಚಿಹೋಗುತ್ತೆ, ಅಷ್ಟೇ. ಈಗ ತರಬೇಡಿ. ಬದಲಿಗೆ ಕೊನೆಯ ಚರಣದಲ್ಲಿ ವಾದ್ಯಗಳನ್ನೆಲ್ಲ ನಿಲ್ಲಿಸಿ, ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದು ಕೇಳಿ. ಏನು ಕೇಳಿಸುತ್ತೋ ಅದೇ ನಿಮ್ಮ ಸಭೆಯ ಆರಾಧನೆ.

ಹಾಡು ಆರಿಸುವಾಗ ನಾನು ನೋಡೋದು ಮಾತುಗಳನ್ನ. ಪೌಲ 1 ಕೊರಿಂಥ 14:15 ರಲ್ಲಿ ಆತ್ಮದಿಂದಲೂ ಹಾಡುವೆನು, ಬುದ್ಧಿಯಿಂದಲೂ ಹಾಡುವೆನು ಅಂತಾನೆ. ಅರ್ಥ ಕೇಳಿದರೆ ಹಾಡಿಸುವವನಿಗೇ ಹೇಳೋಕೆ ಬರದ ಸಾಲು ಬೇಡ. ಇನ್ನೊಂದು, ನಮ್ಮ ಪಟ್ಟಿಯ ತುಂಬ ಜಯ, ಆನಂದ, ಕುಣಿತವೇ ಇತ್ತು. ಕೀರ್ತನೆಗಳ ಪುಸ್ತಕ ಹಾಗಿಲ್ಲ. 13ನೇದು ಎಷ್ಟರವರೆಗೆ ಅಂತ ದೇವರನ್ನೇ ಕೇಳ್ತಾ ಶುರುವಾಗುತ್ತೆ, 88ನೇದು ಕತ್ತಲಲ್ಲೇ ಮುಗಿಯುತ್ತೆ. ತಾಯಿಯನ್ನ ಕಳಕೊಂಡು ಬಂದು ಕೂತವನಿಗೆ ಹಾಡೋಕೆ ಒಂದಾದರೂ ಹಾಡಿರಬೇಕಲ್ಲ? ಹೊಸ ಹಾಡು ಕಲಿಸಿ, ಬೇಡ ಅನ್ನಲ್ಲ. ಒಂದನ್ನ ಹಿಡಿದು, ಸಭೆಗೆ ಬಾಯಿಪಾಠ ಆಗುವ ತನಕ ಇನ್ನೊಂದಕ್ಕೆ ಕೈ ಹಾಕಬೇಡಿ.

ಶ್ರುತಿ ನಿಲ್ಲದ ಹಿರಿಯರಿಗೆ ಮೈಕ್ ಬೇಡ. 33ನೇ ಕೀರ್ತನೆ ಜಾಣತನದಿಂದ ಬಾರಿಸಿ ಅನ್ನುತ್ತೆ. ಮೈಕ್ ಹಿಡಿದವನು ತಪ್ಪಿದರೆ ಇಡೀ ಸಭೆ ತಪ್ಪುತ್ತೆ. ಬೆಂಚಿನಲ್ಲಿ ಕೂತು ಎಷ್ಟು ಗಟ್ಟಿಯಾಗಿ ಬೇಕಾದರೂ ಹಾಡಲಿ, ಅಲ್ಲಿ ಶ್ರುತಿ ಕೇಳೋಕೆ ನೀವು ಯಾರು? ಇದನ್ನ ಪಾಸ್ಟರ್ ಕೈಲಿ ಹೇಳಿಸಬೇಡಿ, ಫೋನಿನಲ್ಲೂ ಬೇಡ, ನೀವೇ ಮನೆಗೆ ಹೋಗಿ ಹೇಳಿ. ನಮ್ಮಲ್ಲಿ ಅಂಥ ಒಬ್ಬರನ್ನ ಹಾಡು ಆರಿಸೋಕೆ ಜೊತೆಗೆ ಕೂರಿಸಿಕೊಂಡೆ. ಯಾವ ಮನೆಯಲ್ಲಿ ಏನು ನಡೀತಿದೆ, ಈ ವಾರ ಯಾವ ಹಾಡು ಬೇಕು ಅನ್ನೋದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ಅದಕ್ಕೆ ಮೊದಲು, ಮೈಕ್ ಬೇಡ ಅಂದಾಗ, ಸುಮಾರು ದಿನ ಅವರು ನನಗೆ ಮುಖ ಕೊಟ್ಟು ಮಾತಾಡಿರಲಿಲ್ಲ. ಅದಕ್ಕೂ ತಯಾರಿರಿ.