ಪ್ರೆಸ್ ಶಾಪಿನಲ್ಲಿ ಎರಡು ಕೈ ಬಟನ್ ಹಾಕಿಸಿದ ಮೇಲೆ ಪ್ರೊಡಕ್ಷನ್ ಕಮ್ಮಿಯಾಗಿದೆ. ಏನು ಮಾಡಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ಮೈಸೂರಿನ ಕೂರ್ಗಳ್ಳಿಯಲ್ಲಿ ನಿಮ್ಮದು ತಗಡು ಹೊಡೆದು ಪೀಸ್ ಮಾಡುವ ಆರು ಪವರ್ ಪ್ರೆಸ್ಸಿನ ಸಣ್ಣ ಶಾಪ್. ಹದಿನಾಲ್ಕು ಜನ ಕೆಲಸಕ್ಕಿದ್ದಾರೆ. ಮಾಲು ತಗೊಳ್ಳುವ ಕಂಪನಿಯವರು ಆಡಿಟ್‌ಗೆ ಬಂದು ಹೇಳಿದರು ಅಂತ ಕಾಲು ಪೆಡಲ್ ತೆಗೆಸಿ ಎಲ್ಲಾ ಪ್ರೆಸ್ಸಿಗೂ ಎರಡು ಕೈ ಬಟನ್ ಹಾಕಿಸಿದಿರಿ, ಅಂದರೆ ಎರಡೂ ಕೈಯಲ್ಲಿ ಒಂದೊಂದು ಬಟನ್ ಒತ್ತಿದರೆ ಮಾತ್ರ ಪ್ರೆಸ್ ಹೊಡೆಯಬೇಕು. ಅವತ್ತಿನಿಂದ ಶಿಫ್ಟಿಗೆ ಬೀಳುವ ಪೀಸ್ ಕಮ್ಮಿಯಾಗಿದೆ. ಹುಡುಗರು ಒಂದು ಬಟನ್ನಿಗೆ ಟೇಪ್ ಸುತ್ತಿಬಿಡುತ್ತಾರೆ. ಬೈದರೆ ಎರಡು ದಿನ ಸರಿ ಇರುತ್ತಾರೆ, ಆಮೇಲೆ ಮತ್ತೆ ಅದೇ. ಸೇಫ್ಟಿ ಬೇಕು ಅಂದರೆ ಪ್ರೊಡಕ್ಷನ್ ಬಿಡಲೇಬೇಕಾ ಎಂದು ಕೇಳಿದ್ದೀರಿ.

ಬಿಡಬೇಕಾಗಿಲ್ಲ ಸಾರ್. ಆದರೆ ಬೈಯುವುದನ್ನು ಮೊದಲು ನಿಲ್ಲಿಸಿ. ಟೇಪ್ ಸುತ್ತುವ ಹುಡುಗ ಕೆಲಸಗಳ್ಳನಲ್ಲ. ನೀವು ಕೊಟ್ಟ ಟಾರ್ಗೆಟ್ ಮುಟ್ಟಿಸಬೇಕು ಅಂತಲೇ ಅವನು ಅದನ್ನು ಮಾಡುತ್ತಿದ್ದಾನೆ. ಅವನ ಕೈ ಡೈ (ತಗಡಿಗೆ ಆಕಾರ ಕೊಡುವ ಅಚ್ಚು) ಒಳಗೆ ಯಾಕೆ ಹೋಗಬೇಕಾಗಿದೆ, ಅದನ್ನು ನೋಡಿ. ಕೈಗೆ ಅಲ್ಲಿ ಕೆಲಸವೇ ಇಲ್ಲದ ಹಾಗೆ ಮಾಡಿದರೆ ಬೆರಳೂ ಉಳಿಯುತ್ತದೆ, ಪೀಸೂ ಜಾಸ್ತಿ ಬೀಳುತ್ತದೆ. ಇದನ್ನು ನಾನು ಕಲಿತಿದ್ದು ಕೆಟ್ಟ ರೀತಿಯಲ್ಲಿ.

ನಾನು ಪಾಂಡವಪುರದ ಕಡೆಯವನು. ಐಟಿಐ ಫಿಟ್ಟರ್ ಮುಗಿಸಿ 1996ರಲ್ಲಿ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಪ್ರೆಸ್ ಶಾಪಿಗೆ ಹೆಲ್ಪರ್ ಆಗಿ ಸೇರಿದೆ. ನಾಲ್ಕೈದು ವರ್ಷದಲ್ಲಿ ಡೈ ಸೆಟ್ಟರ್ ಆದೆ. ಅಲ್ಲೊಂದು 63 ಟನ್ ಪ್ರೆಸ್ ಇತ್ತು. ಅದರ ಡೈಯಲ್ಲಿ, ಮೇಲಿಂದ ಹೊಡೆಯುವ ಪಂಚಿನಿಂದ ಪೀಸನ್ನು ಬಿಡಿಸುವ ಸ್ಟ್ರಿಪ್ಪರ್ ಸ್ಪ್ರಿಂಗ್ ಒಂದು ಮುರಿದಿತ್ತು. ಹತ್ತು ಪೀಸಿಗೆ ಒಂದಾದರೂ ಪಂಚಿಗೆ ಕಚ್ಚಿಕೊಂಡು ಮೇಲೆ ಹೋಗುತ್ತಿತ್ತು. ಆಪರೇಟರ್ ಕೈ ಹಾಕಿ ಕಿತ್ತು ತೆಗೆಯಬೇಕು. ಆ ಹುಡುಗ, ಮದ್ದೂರಿನ ಕಡೆಯವನು, ಇಪ್ಪತ್ತೆರಡು ವರ್ಷ, ಮೂರು ಸಲ ನನಗೆ ಹೇಳಿದ್ದ. ಸ್ಪ್ರಿಂಗ್ ಸ್ಟೋರಿನಲ್ಲಿ ಇರಲಿಲ್ಲ. ನಾನು ಬರೆದುಕೊಟ್ಟಿರಲೂ ಇಲ್ಲ. ಟಾರ್ಗೆಟ್ ಹಿಂದೆ ಬೀಳುತ್ತಿದೆ ಅಂತ ಎಡಗಡೆ ಬಟನ್ನಿಗೆ ಒಂದು ವಾಷರ್ ಸಿಕ್ಕಿಸಿ ಕೊಟ್ಟೆ. ಹೌದು, ನಾನೇ ಕೊಟ್ಟೆ.

ಸೆಕೆಂಡ್ ಶಿಫ್ಟ್ ಮುಗಿಯಲು ಅರ್ಧ ಗಂಟೆ ಇತ್ತು. ಎಡಗೈ ಕಚ್ಚಿದ ಪೀಸ್ ಕೀಳಲು ಹೋಯಿತು. ಬಲಗೈ ಅಭ್ಯಾಸಬಲದಿಂದ ಬಟನ್ ಒತ್ತಿತು. ಎಡಗೈಯ ಎರಡು ಬೆರಳು ಹೋದವು. ಮಾರನೇ ದಿನ ಆಸ್ಪತ್ರೆಯಲ್ಲಿ ಅವನು ನನ್ನ ಮೇಲೆ ರೇಗಲಿಲ್ಲ. "ಪೀಸ್ ಕಚ್ಕೊಂಡಿತ್ತು ಕಣಣ್ಣ. ನಾನ್ ಹೇಳಿದ್ದೆ ಅಲ್ವಾ?" ಅಂದ. ಅಷ್ಟೇ. ಶಾಪಿನ ರಿಪೋರ್ಟಿನಲ್ಲಿ 'ಕೆಲಸಗಾರನ ಅಜಾಗರೂಕತೆ' ಎಂದು ಬರೆದರು. ಅದಕ್ಕೆ ನಾನು ಸಹಿ ಹಾಕಿದೆ. ಆ ಸಹಿ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಆಮೇಲೆ ಸ್ಪ್ರಿಂಗ್ ಬಂತು. ವಾಷರ್ ತೆಗೆದು, ಎರಡೂ ಬಟನ್ ಒತ್ತಿಯೇ ಓಡಿಸಿದರೂ ಆ ಪ್ರೆಸ್ಸಿನಲ್ಲಿ ಮೊದಲಿಗಿಂತ ಜಾಸ್ತಿ ಪೀಸ್ ಬೀಳತೊಡಗಿತು! ಕಚ್ಚಿದ ಪೀಸ್ ಕೀಳುವ ಕೆಲಸವೇ ಇರಲಿಲ್ಲವಲ್ಲ. ಅವತ್ತು ನನಗೆ ಎದೆ ಹಿಂಡಿದ ಹಾಗಾಯಿತು. ಒಂದು ಸ್ಪ್ರಿಂಗ್ ಸಾರ್.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಊಟ, ಟೀ ಬಿಟ್ಟು ಏಳೂವರೆ ಗಂಟೆ ಕೆಲಸ ಅಂದುಕೊಳ್ಳಿ. ಶಿಫ್ಟಿಗೆ 4,000 ಪೀಸ್. ಎರಡನೇ ಬಟನ್ ಒತ್ತಲು ಪೀಸಿಗೆ ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತದೆ ಎಂದೇ ಇಟ್ಟುಕೊಂಡರೂ ಒಟ್ಟು 2,000 ಸೆಕೆಂಡ್, ಅಂದರೆ 33 ನಿಮಿಷ. ಕಮ್ಮಿಯೇನಲ್ಲ, ಒಪ್ಪುತ್ತೇನೆ. ಆದರೆ ಅದೇ ಶಿಫ್ಟಿನಲ್ಲಿ ಡೈ ಬದಲಾಯಿಸಲು ಎಷ್ಟು ಹೊತ್ತು ಹೋಗುತ್ತದೆ? ಸರಿಯಾದ ಸ್ಪ್ಯಾನರ್ ಹುಡುಕಲು? ಬ್ಲ್ಯಾಂಕ್ (ಕತ್ತರಿಸಿಟ್ಟ ತಗಡಿನ ತುಂಡು) ತರಲು ಆಪರೇಟರೇ ಎದ್ದು ಹೋಗುತ್ತಾನಾ? ಬಿನ್ ತುಂಬಿತು ಅಂತ ಎಷ್ಟು ಸಲ ನಿಲ್ಲಿಸುತ್ತಾನೆ? ಒಂದು ದಿನ ಪ್ರೆಸ್ಸಿನ ಪಕ್ಕ ಸ್ಟೂಲ್ ಹಾಕಿಕೊಂಡು ಗಡಿಯಾರ ಇಟ್ಟುಕೊಂಡು ಬರೆಯಿರಿ. ಹುಡುಗನ ಹೆಸರು ಬರೆಯಬೇಡಿ, ನಿಂತ ಕಾರಣ ಬರೆಯಿರಿ. ಆ 33 ನಿಮಿಷಕ್ಕಿಂತ ದೊಡ್ಡ ತೂತುಗಳು ನಿಮಗೇ ಕಾಣುತ್ತವೆ. ನಾನು ಕೂತು ಬರೆದ ಪ್ರತಿ ಶಾಪಿನಲ್ಲೂ ಹೀಗೇ ಆಗಿದೆ.

ಇನ್ನು ಬಟನ್ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ತುಂಬಾ ಜನ ಇಲ್ಲೇ ಎಡವುತ್ತಾರೆ.

ಒಂದು ಬಟನ್ನಿಗೆ ಟೇಪ್ ಸುತ್ತಿದರೂ ಪ್ರೆಸ್ ಓಡುತ್ತದೆ ಎಂದರೆ ವೈರಿಂಗೇ ಸರಿ ಇಲ್ಲ. ಎಲೆಕ್ಟ್ರಿಷಿಯನ್ ಎರಡು ಸ್ವಿಚ್ಚನ್ನು ಸುಮ್ನೆ ಸೀರೀಸಿನಲ್ಲಿ ಕೊಟ್ಟು ಹೋಗಿದ್ದಾನೆ. ಸರಿಯಾದ ಎರಡು ಕೈ ಬಟನ್ ಹಾಗಿರುವುದಿಲ್ಲ. ಎರಡನ್ನೂ ಅರ್ಧ ಸೆಕೆಂಡಿನೊಳಗೆ ಒಟ್ಟಿಗೆ ಒತ್ತಬೇಕು. ಮುಂದಿನ ಸ್ಟ್ರೋಕಿಗೆ ಎರಡನ್ನೂ ಬಿಟ್ಟು ಮತ್ತೆ ಒತ್ತಬೇಕು. ಒಂದನ್ನು ಕಟ್ಟಿಹಾಕಿದರೆ ಪ್ರೆಸ್ ಅಲ್ಲಾಡಲೇಬಾರದು. ಅದಕ್ಕೆಂದೇ ಸೇಫ್ಟಿ ರಿಲೇ ಸಿಗುತ್ತದೆ. ಅದನ್ನು ಹಾಕಿಸಿ. ಟೇಪಿನ ಜಗಳ ಅವತ್ತಿಗೇ ಮುಗಿಯುತ್ತದೆ.

ಆದರೆ ಅದಕ್ಕೂ ಮುಂಚೆ ಒಂದು ವಿಷಯ ಹೇಳಿ. ನಿಮ್ಮ ಪ್ರೆಸ್ಸುಗಳು ಕೀ ಕ್ಲಚ್ಚಿನವಾ, ಏರ್ ಕ್ಲಚ್ಚಿನವಾ? ನಮ್ಮ ಕಡೆಯ ಸಣ್ಣ ಶಾಪುಗಳಲ್ಲಿ ಹಳೇ ಕೀ ಕ್ಲಚ್ಚಿನವೇ ಜಾಸ್ತಿ. ಅದರಲ್ಲಿ, ತಿರುಗುತ್ತಿರುವ ಭಾರದ ಚಕ್ರಕ್ಕೆ (ಫ್ಲೈವೀಲ್) ಕೆಳಗಿಳಿದು ಹೊಡೆಯುವ ಭಾಗವನ್ನು (ರ‍್ಯಾಮ್) ಜೋಡಿಸುವುದು ಒಂದು ಉಕ್ಕಿನ ಕೀ. ಅದು ಒಂದು ಸಲ ಕಚ್ಚಿತು ಅಂದರೆ ಮುಗಿಯಿತು. ಒಂದು ಪೂರ್ತಿ ಸುತ್ತು ಮುಗಿಸದೆ ರ‍್ಯಾಮ್ ನಿಲ್ಲುವುದಿಲ್ಲ. ಬಟನ್ ಬಿಟ್ಟರೂ ಇಲ್ಲ, ಎಮರ್ಜೆನ್ಸಿ ಒತ್ತಿದರೂ ಇಲ್ಲ. ನಿಮಿಷಕ್ಕೆ 60 ಸ್ಟ್ರೋಕಿನ ಪ್ರೆಸ್ ಅಂದರೆ ಒಂದು ಸುತ್ತಿಗೆ ಒಂದು ಸೆಕೆಂಡ್. ಕೀ ಕಚ್ಚುವ ಜಾಗ ಒಂದೇ ಇದ್ದರೆ, ಬಟನ್ ಒತ್ತಿದ ಮೇಲೆ ಆ ಜಾಗ ಬರಲು ಕೆಲವೊಮ್ಮೆ ಹತ್ತಿರ ಹತ್ತಿರ ಒಂದು ಸುತ್ತು ಕಾಯಬೇಕು. ಆಮೇಲೆ ಕೆಳಗಿಳಿಯಲು ಅರ್ಧ ಸುತ್ತು. ಒಟ್ಟು ಒಂದೂವರೆ ಸೆಕೆಂಡ್. ಮನುಷ್ಯನ ಕೈ ಸೆಕೆಂಡಿಗೆ ಸುಮಾರು 1.6 ಮೀಟರ್ ಓಡುತ್ತದೆ ಎಂದು ಸೇಫ್ಟಿ ಲೆಕ್ಕದಲ್ಲಿ ಹಿಡಿಯುತ್ತಾರೆ. ಬಟನ್ ಬಿಟ್ಟ ಕೈ ಡೈ ಮುಟ್ಟುವ ಮೊದಲೇ ಸ್ಟ್ರೋಕ್ ಬಿದ್ದಿರಬೇಕಲ್ಲ, ಗುಣಿಸಿ ನೋಡಿ. ಬಟನ್ ಡೈಯಿಂದ 2.4 ಮೀಟರ್ ದೂರ ಇರಬೇಕಾಗುತ್ತದೆ! ಯಾರು ಅಷ್ಟು ದೂರ ಇಡುತ್ತಾರೆ? ಎಲ್ಲರೂ ಒಂದಡಿ ದೂರದಲ್ಲೇ ಇಟ್ಟಿರುತ್ತಾರೆ. ಬಟನ್ ಒತ್ತಿದ ಕೈ ಆರಾಮಾಗಿ ಡೈಗೆ ವಾಪಸ್ ಹೋಗಬಹುದು.

ಇನ್ನೊಂದು ಅಪಾಯ ಇದಕ್ಕಿಂತ ಕೆಟ್ಟದ್ದು. ಕೀ ಸವೆದರೆ, ಅದರ ಸ್ಪ್ರಿಂಗ್ ಮುರಿದರೆ, ಯಾರೂ ಒತ್ತದೆಯೇ ಪ್ರೆಸ್ ಎರಡನೇ ಸಲ ಹೊಡೆಯುತ್ತದೆ. ನಾವು ಡಬಲ್ ಸ್ಟ್ರೋಕ್ ಅನ್ನುತ್ತೇವೆ. ಅಷ್ಟರಲ್ಲಿ ಹುಡುಗನ ಕೈ ಪೀಸ್ ತೆಗೆಯಲು ಒಳಗಿರುತ್ತದೆ. ಇದಕ್ಕೆ ಯಾವ ಬಟನ್ನೂ ಅಡ್ಡ ಬರುವುದಿಲ್ಲ. ಲೈಟ್ ಕರ್ಟನ್, ಅಂದರೆ ಡೈ ಮುಂದೆ ಹಾಕುವ ಬೆಳಕಿನ ಪರದೆ, ಮಾರುವವರು ನಿಮ್ಮ ಹತ್ತಿರವೂ ಬಂದಿರಬಹುದು. ನಡುವೆ ನಿಲ್ಲಲಾಗದ ಪ್ರೆಸ್ಸಿಗೆ ಅದನ್ನು ಹಾಕಿಸುವುದು ದುಡ್ಡು ದಂಡ. ಬೆಳಕು ತಡೆದಾಗ ನಿಲ್ಲು ಅಂತ ಅದು ಹೇಳುತ್ತದೆ, ಪ್ರೆಸ್ ನಿಲ್ಲಬೇಕಲ್ಲ? ಏರ್ ಕ್ಲಚ್ಚಿನ ಪ್ರೆಸ್ ನಡುವೆಯೇ ನಿಲ್ಲಬಲ್ಲದು, ಅದಕ್ಕಾದರೆ ಕರ್ಟನ್ ಒಳ್ಳೆಯದೇ. 0.3 ಸೆಕೆಂಡಿನಲ್ಲಿ ನಿಲ್ಲುವ ಪ್ರೆಸ್ಸಿಗೆ ಕರ್ಟನ್ ಡೈಯಿಂದ ಅರ್ಧ ಮೀಟರಿನ ಆಸುಪಾಸು ದೂರ ಇರಬೇಕು. ಬ್ರೇಕ್ ಲೈನಿಂಗ್ ಸವೆದಂತೆ ನಿಲ್ಲುವ ಹೊತ್ತೂ ಜಾಸ್ತಿಯಾಗುತ್ತದೆ, ಆಗಾಗ ಅಳೆಸಬೇಕು.

ಹಾಗಾದರೆ ಕೀ ಕ್ಲಚ್ಚಿಗೆ ದಾರಿ ಏನು? ಡೈಗೇ ಬೇಲಿ. ಕುರಿ ದೊಡ್ಡಿಗೆ ಬೇಲಿ ಹಾಕುವ ಹಾಗೆ ಡೈ ಸುತ್ತ ಗಟ್ಟಿ ಜಾಲರಿ ಗಾರ್ಡ್ ಬೋಲ್ಟ್ ಮಾಡಿಬಿಡಿ. ಬ್ಲ್ಯಾಂಕ್ ನುಸುಳಲು ಮಾತ್ರ ಸಂದಿ ಇರಲಿ. ಆ ಸಂದಿ 6 ಮಿಲಿಮೀಟರ್ ಮೀರದಿರಲಿ, ಡೈ ಬಾಯಿಯಿಂದ ಒಂದೆರಡು ಇಂಚು ಈಚೆಗೇ ಇರಲಿ. ಬೆರಳು ಹೋಗಲು ಆಗಬಾರದು. ಯಂತ್ರದ ಅಪಾಯದ ಭಾಗಕ್ಕೆ ಭದ್ರವಾದ ತಡೆ ಇರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಮಿನಲ್ಲೇ ಇತ್ತು. ಹೊಸ ಮಾತೇನಲ್ಲ.

ಗಾರ್ಡ್ ಹಾಕಿದರೆ ಪೀಸ್ ಹಾಕುವುದು, ತೆಗೆಯುವುದು ಹೇಗೆ ಅಂತ ಕೇಳುತ್ತೀರಿ. ನಿಮ್ಮ ಪ್ರೊಡಕ್ಷನ್ ಸಿಗುವುದೇ ಇಲ್ಲಿ. ಗಾರ್ಡಿನ ಹೊರಗೆ ಒಂದು ಸ್ಲೈಡ್ ಮಾಡಿಸಿ. ಬ್ಲ್ಯಾಂಕನ್ನು ಅದರ ಮೇಲಿಟ್ಟು ತಳ್ಳಿದರೆ ನೇರ ಡೈ ಮೇಲೆ ಹೋಗಿ ಕೂರಬೇಕು. ಒಂದು ತಡೆಪಿನ್ ಇದ್ದರೆ ಸರಿಯಾದ ಜಾಗಕ್ಕೇ ನಿಲ್ಲುತ್ತದೆ, ವಾರೆ ಕೂತು ರಿಜೆಕ್ಟ್ ಆಗುವುದೂ ತಪ್ಪುತ್ತದೆ. ಆದ ಪೀಸ್ ಹಿಂದಿನಿಂದ ಚ್ಯೂಟಿನಲ್ಲಿ ಜಾರಿ ಬಿನ್ನಿಗೆ ಬೀಳಲಿ. ಹಗುರವಾದ ಪೀಸಿಗೆ ಗಾಳಿ ಊದಿಸಬಹುದು, ಆದರೆ ಆ ಸದ್ದಿಗೆ ಕಿವಿ ಹಾಳಾಗುತ್ತದೆ, ಇಯರ್ ಪ್ಲಗ್ ಕೊಡಿ. ಸಾಧ್ಯ ಇರುವ ಕಡೆ ಬಿಡಿ ಬ್ಲ್ಯಾಂಕ್ ಬಿಟ್ಟು ಪಟ್ಟಿಯನ್ನೇ ತಳ್ಳಿ ಹೊಡೆಯಿಸಿ. ಗಾರ್ಡ್ ಕೂರಿಸಲಾಗದ ಫಾರ್ಮಿಂಗ್ ಕೆಲಸ ಇದ್ದರೆ ಉದ್ದ ಹಿಡಿಯ ಚಿಮಟ ಇಲ್ಲವೇ ಮ್ಯಾಗ್ನೆಟ್ ಕೋಲು ಕೊಡಿ. ಚಿಮಟ ಅಲ್ಯೂಮಿನಿಯಮ್ಮಿನದಿರಲಿ, ಸಿಕ್ಕಿಕೊಂಡರೆ ಅದು ಜಜ್ಜಿ ಹೋಗಲಿ, ಡೈ ಉಳಿಯಲಿ. ಇಂಥ ಸಣ್ಣ ಫಿಕ್ಸ್ಚರುಗಳನ್ನು ನಿಮ್ಮ ಶಾಪಿನ ಸೆಟ್ಟರೇ ಮಾಡಬಲ್ಲ. ಆಗದಿದ್ದರೆ ಮೇಟಗಳ್ಳಿಯ ಟೂಲ್ ರೂಂ ತರಬೇತಿ ಕೇಂದ್ರದಲ್ಲಿ ಕಲಿತು ಬಂದ ಹುಡುಗರನ್ನು ವಿಚಾರಿಸಿ, ಚೆನ್ನಾಗಿ ಡ್ರಾಯಿಂಗ್ ಮಾಡಿಕೊಡುತ್ತಾರೆ.

ಸ್ಲೈಡ್ ಹಾಕಿದ ಪ್ರೆಸ್ಸಿನಲ್ಲಿ ಹುಡುಗನ ಮುಖ ನೋಡಿ. ಹೆದರಿಕೆ ಇರುವುದಿಲ್ಲ. ಹೆದರಿಕೆಯಲ್ಲಿ ಕೈ ನಿಧಾನ ಆಗುತ್ತದೆ, ಇಲ್ಲವೇ ಅವಸರ ಮಾಡುತ್ತದೆ. ಎರಡೂ ಇಲ್ಲದಾಗ ಕೆಲಸಕ್ಕೆ ಒಂದು ಲಯ ಬರುತ್ತದೆ.

ಕರೆಂಟ್ ಹೋದಾಗಿನ ವಿಷಯ ಮರೆಯಬೇಡಿ. ಕರೆಂಟ್ ಹೋಯಿತು ಅಂತ ಕೈ ಹಾಕಿ ಸ್ಕ್ರ್ಯಾಪ್ ತೆಗೆಯುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಮೋಟಾರ್ ನಿಂತರೂ ಫ್ಲೈವೀಲ್ ತಿರುಗುತ್ತಲೇ ಇರುತ್ತದೆ, ಒಂದು ಸ್ಟ್ರೋಕಿಗೆ ಬೇಕಾದ ಶಕ್ತಿ ಅದರಲ್ಲಿರುತ್ತದೆ. ಫ್ಲೈವೀಲ್ ಪೂರ್ತಿ ನಿಲ್ಲುವ ತನಕ ಯಾರೂ ಮುಟ್ಟಬಾರದು. ಕರೆಂಟ್ ವಾಪಸ್ ಬಂದಾಗ ಮೋಟಾರ್ ತಾನಾಗಿ ಶುರುವಾಗದ ಸ್ಟಾರ್ಟರ್ ಇದೆಯಾ ನೋಡಿಸಿ. ಡೈ ಕಟ್ಟುವಾಗ ಮೇನ್ ಸ್ವಿಚ್ಚಿಗೆ ಬೀಗ ಹಾಕಿ, ಕೀಲಿ ಸೆಟ್ಟರ್ ಜೇಬಿನಲ್ಲಿರಲಿ. ರ‍್ಯಾಮ್ ಕೆಳಗೆ ಗಟ್ಟಿ ಆಸರೆ ಕೊಡದೆ ಕೈ ಹಾಕಬಾರದು.

ನಮ್ಮ ಮೈಸೂರಿನ ಶಾಪುಗಳು ಆಯುಧ ಪೂಜೆಗೆ ಮುಂಚಿನ ಎರಡು ದಿನ ಹೇಗಿರುತ್ತವೆ ಎಂದು ನಿಮಗೆ ಗೊತ್ತಲ್ಲ? ನೆಲದ ಆಯಿಲ್ ಒರೆಸುತ್ತಾರೆ. ಪ್ರೆಸ್ ಕೆಳಗಿನ ಸ್ಕ್ರ್ಯಾಪ್ ಬಾಚುತ್ತಾರೆ. ಕಳೆದೇಹೋಯಿತು ಅಂದುಕೊಂಡ ಅಲೆನ್ ಕೀ, ಬೋಲ್ಟು ಎಲ್ಲಾ ಸಿಗುತ್ತವೆ. ಹಬ್ಬ ಮುಗಿದ ಮೊದಲ ವಾರ ಡೈ ಬದಲಾವಣೆ ಬೇಗ ಆಗುವುದನ್ನು ನಾನೇ ಗಮನಿಸಿದ್ದೇನೆ, ಯಾರೂ ಸ್ಪ್ಯಾನರ್ ಹುಡುಕುವುದಿಲ್ಲ. ಶನಿವಾರ ಸಂಜೆ ಅರ್ಧ ಗಂಟೆ ಪ್ರೆಸ್ ನಿಲ್ಲಿಸಿ ಅದನ್ನೇ ಮಾಡಿಸಿ. ಆ ಅರ್ಧ ಗಂಟೆಗೆ ಸಂಬಳ ಕೊಡಿ. ಡೈಗೊಂದು ಬೋಲ್ಟ್ ಸೆಟ್, ಅಳತೆ ಸರಿಯಿರುವ ಪ್ಯಾಕಿಂಗ್ ತುಂಡುಗಳು, ಎಲ್ಲಾ ಒಂದು ಟ್ರೇಯಲ್ಲಿ ಆ ಡೈ ಜೊತೆಗೇ ಇರಲಿ. ಪ್ರೆಸ್ ನಿಲ್ಲಿಸುವ ಮೊದಲೇ ಮುಂದಿನ ಡೈ ಪಕ್ಕಕ್ಕೆ ಬಂದಿರಲಿ. ಹಬ್ಬದ ದಿನ ಬೂದುಗುಂಬಳಕಾಯಿಯನ್ನು ಮಾತ್ರ ಶಾಪಿನ ಹೊರಗೆ ಒಡೆಸಿ, ತಕ್ಷಣ ಗುಡಿಸಿಸಿ, ಜಾರಿ ಬಿದ್ದವರನ್ನು ನೋಡಿದ್ದೇನೆ.

ಇನ್ನು ದುಡ್ಡಿನ ಮಾತು. ಪೀಸಿನ ಲೆಕ್ಕದಲ್ಲಿ ಇನ್ಸೆಂಟಿವ್ ಕೊಟ್ಟು, ಬಾಯಲ್ಲಿ ಸೇಫ್ಟಿ ಅಂದರೆ ಹುಡುಗರು ಇನ್ಸೆಂಟಿವ್ ಮಾತನ್ನೇ ಕೇಳುತ್ತಾರೆ, ಮನೆಗೆ ಅಕ್ಕಿ ಹೋಗಬೇಕಲ್ಲ. ಗಾರ್ಡ್ ತೆಗೆದು ಹೊಡೆದ ಪೀಸಿಗೆ ಇನ್ಸೆಂಟಿವ್ ಇಲ್ಲ ಎಂದು ಮಾಡಿ. ಹಾಗೆಯೇ, ರಿಪೇರಿಗೆ ಪ್ರೆಸ್ ನಿಂತರೆ ಆ ಹೊತ್ತಿಗೆ ಅವನ ದುಡ್ಡು ಕಟ್ ಮಾಡಬೇಡಿ. ಕಟ್ ಮಾಡಿದರೆ ಮುರಿದ ಸ್ಪ್ರಿಂಗ್ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. 'ಅಪಘಾತ ಇಲ್ಲದ ತಿಂಗಳಿಗೆ ಬಹುಮಾನ' ಅಂತಲೂ ಇಡಬೇಡಿ. ಬೆರಳು ಕುಯ್ದುಕೊಂಡವನು ಬಟ್ಟೆ ಸುತ್ತಿ ಮುಚ್ಚಿಟ್ಟುಕೊಳ್ಳುತ್ತಾನೆ.

ಅದರ ಬದಲು ಗೋಡೆಗೆ ಒಂದು ನೋಟ್ ಪುಸ್ತಕ ತೂಗುಹಾಕಿ. ಯಾವ ಪ್ರೆಸ್, ಏನು ತೊಂದರೆ, ಇಷ್ಟು ಬರೆದರೆ ಸಾಕು. ಒಡಿಶಾ, ಬಿಹಾರದ ಹುಡುಗರಿದ್ದರೆ ಅವರ ಭಾಷೆಯಲ್ಲೇ ಬರೆಯಲಿ, ಇಲ್ಲವೇ ಹೇಳಲಿ, ನೀವು ಬರೆದುಕೊಳ್ಳಿ. ದಿನಾ ಬೆಳಿಗ್ಗೆ ನೀವೇ ಅದನ್ನು ಓದಿ, ಆದದ್ದನ್ನು ಗೆರೆ ಎಳೆದು ಹೊಡೆದುಹಾಕಿ. ಡಬಲ್ ಸ್ಟ್ರೋಕ್ ಅಂತ ಒಂದು ಸಾಲು ಬಂದರೆ ಆ ಪ್ರೆಸ್ ಅಲ್ಲೇ ನಿಲ್ಲಬೇಕು, ಎಷ್ಟೇ ಅರ್ಜೆಂಟ್ ಆರ್ಡರ್ ಇದ್ದರೂ.

ಹದಿನಾಲ್ಕು ಜನ ಇದ್ದಾರೆ ಅಂದರೆ ಇಎಸ್ಐ (ಕೆಲಸಗಾರರ ಸರ್ಕಾರಿ ವಿಮೆ) ಕಡ್ಡಾಯ, ಹತ್ತು ಜನಕ್ಕೇ ಅದು ಬರುತ್ತದೆ. ಕಾಂಟ್ರಾಕ್ಟ್ ಹುಡುಗರನ್ನೂ ಸೇರಿಸಿ, ಸೇರಿದ ದಿನವೇ ಸೇರಿಸಿ. ಕೆಲಸದಲ್ಲಿ ಪೆಟ್ಟು ಬಿದ್ದರೆ ಮೊದಲ ದಿನದಿಂದಲೇ ಸೌಲಭ್ಯ ಉಂಟು, ಮನೆಯಲ್ಲಿ ಕೂತ ದಿನಗಳಿಗೆ ಕೂಲಿಯ ನೂರಕ್ಕೆ 90 ಸಿಗುತ್ತದೆ. ನಮ್ಮ ಮದ್ದೂರಿನ ಹುಡುಗನಿಗೆ ಇಎಸ್ಐ ಸಿಕ್ಕಿತು ಅನ್ನುವುದೊಂದೇ ನನಗಿದ್ದ ಸಮಾಧಾನ.

ನಾಳೆ ಆರೂ ಪ್ರೆಸ್ಸಿಗೆ ಒಟ್ಟಿಗೆ ಕೈ ಹಾಕಬೇಡಿ. ಟೇಪ್ ಯಾವ ಪ್ರೆಸ್ಸಿನಲ್ಲಿ ಜಾಸ್ತಿ ಕಾಣುತ್ತದೋ ಅದರಿಂದ ಶುರುಮಾಡಿ. ಆ ಹುಡುಗನನ್ನು ಪಕ್ಕಕ್ಕೆ ಕರೆದು, ಟೀ ಕೊಟ್ಟು, "ಇಲ್ಲಿ ಕೈ ಯಾಕಪ್ಪಾ ಹಾಕಬೇಕಾಗುತ್ತೆ?" ಅಂತ ಕೇಳಿ. ಅವನು ಹೇಳಿದ್ದನ್ನೂ, ಕ್ಲಚ್ ಯಾವ ಬಗೆ, ಎಷ್ಟು ಟನ್, ಪೀಸಿನ ಅಳತೆ ಏನು ಎಂಬುದನ್ನೂ ಇಲ್ಲಿ ಕೆಳಗೆ ಬರೆಯಿರಿ. ಸ್ಲೈಡ್ ಹೇಗೆ ಮಾಡಿಸಬಹುದು ಎಂದು ಕೂತು ಬರೆದು ಕಳಿಸುತ್ತೇನೆ.