ಶೆಲ್‌ನಿಂದ ವೈಟ್ ಮೆಟಲ್ ಎದ್ದು ಬಂದರೆ ಮೊದಲು ಕಲಾಯಿ ನೋಡಿ

ಅಣ್ಣ, ಹಳೇ ಆಯಿಲ್ ಎಂಜಿನ್ನಿನ ಬಿಗ್ ಎಂಡ್ ಶೆಲ್‌ನಿಂದ (ಕನೆಕ್ಟಿಂಗ್ ರಾಡ್‌ನ ದೊಡ್ಡ ತುದಿಯ ಬೇರಿಂಗ್ ಚಿಪ್ಪು) ಎರಡನೇ ಸಲವೂ ವೈಟ್ ಮೆಟಲ್ (ಬೇರಿಂಗ್ ಒಳಮೈಗೆ ಹೊಯ್ಯೋ ಮೆತ್ತನೆ ಮಿಶ್ರಲೋಹ) ಹಪ್ಪಳದ ಹಾಗೆ ಎದ್ದು ಬಂತು ಅಂತ ಹಾಕಿದ್ದೀರಲ್ಲ, ಆ ಫೋಟೋ ದೊಡ್ಡದು ಮಾಡಿ ನೋಡಿದೆ. ಪೆಟ್ರೋಲಲ್ಲಿ ತೊಳೆದು, ಟಾರ್ಚಲ್ಲಿ ಕಾಯಿಸಿ, ನೇರವಾಗಿ ಹೊಯ್ದೆ ಅಂತ ಬರೆದಿದ್ದೀರಿ. ಇದೇ ತಪ್ಪು ನಾನೂ ಮಾಡಿದವನೇ. "ಗ್ರೂವ್ ಇನ್ನೂ ಆಳ ಹೊಡೆಸಿ" (ಲೋಹ ಕಚ್ಚಿಕೊಳ್ಳೋಕೆ ಶೆಲ್‌ನಲ್ಲಿ ಕೊರೆಯೋ ತೋಡು) ಅಂತ ಮೇಲೆ ಕಮೆಂಟಲ್ಲಿ ಹೇಳಿದವರ ಮಾತು ಸದ್ಯಕ್ಕೆ ಪಕ್ಕಕ್ಕಿಡಿ. ಎದ್ದ ತುಂಡಿನ ಬೆನ್ನು ನೋಡಿ: ಶೆಲ್‌ನ ಲೇಥ್ ಗೆರೆಗಳು ಒಂದೊಂದೂ ಎಣಿಸೋ ಹಾಗೆ ಅಚ್ಚಾಗಿವೆ, ಮೇಲೆ ಕಂದು ಎಣ್ಣೆ ಪಸೆ. ಅಂದರೆ ಅದು ಹಿಡಿದು ಆಮೇಲೆ ಬಿಟ್ಟಿದ್ದಲ್ಲ, ಹಿಡಿದೇ ಇರಲಿಲ್ಲ. ಹಿಡಿದಿದ್ದರೆ ವೈಟ್ ಮೆಟಲ್ ತನ್ನೊಳಗೇ ಹರಿದು, ಶೆಲ್ ಮೇಲೆ ಬೂದು ತರಿ ಉಳೀತಿತ್ತು.

ತವರದ ಕಲಾಯಿ ಇಲ್ಲದೆ ಈ ಕೆಲಸ ಆಗಲ್ಲ. ತವರ ಶೆಲ್ ಲೋಹದ ಜೊತೆ ಬೆರೆತು ಕೂದಲಿಗಿಂತ ತೆಳ್ಳಗಿನ ಒಂದು ಪದರ ಆಗುತ್ತೆ, ಹಿಡಿತ ಅಂದರೆ ಆ ಪದರವೇ. ಪಾತ್ರೆಗೆ ಕಲಾಯಿ ಹಾಕೋರು ನವಸಾಗರ ಉದುರಿಸಿ ಹತ್ತಿಯಲ್ಲಿ ಉಜ್ಜುತ್ತಾರಲ್ಲ, ಅದೇ ವಿದ್ಯೆ.

ಫ್ಲಕ್ಸ್‌ಗೆ (ಕೊಳೆ ಕಳೆದು ತವರ ಹರಡೋ ಹಾಗೆ ಮಾಡೋ ಲೇಪ) ಸತುವಿನ ಕ್ಲೋರೈಡ್ 5 ಪಾಲು, ನವಸಾಗರ 2 ಪಾಲು, ಒಣ ತೂಕದಲ್ಲಿ. ನೀರಲ್ಲಿ ಕಲಸಿ ಬ್ರಷ್‌ನಲ್ಲಿ ಹಚ್ಚಿ. ಈ ಅಳತೆಯಲ್ಲಿ ಅದು ಸುಮಾರು 180 ಡಿಗ್ರಿಗೇ ಕರಗಿ, ತವರ ಕರಗೋ 232ಕ್ಕೆ ಮೊದಲೇ ಹರಡಿಕೊಂಡಿರುತ್ತೆ. ಹೈಡ್ರೋಕ್ಲೋರಿಕ್ ಆಸಿಡ್‌ಗೆ ಸತುವಿನ ತುಂಡು ಹಾಕಿ ಆ ಕ್ಲೋರೈಡ್ ಮನೇಲೇ ಮಾಡಿಕೊಳ್ಳೋರು ಬಯಲಲ್ಲಿ ಮಾಡಿ, ಬೀಡಿ ದೂರ ಇಡಿ, ಏಳೋದು ಹೈಡ್ರೋಜನ್. ಶೆಲ್ 260ರಿಂದ 280 ಡಿಗ್ರಿಗೆ ಬಂದಾಗ ಶುದ್ಧ ತವರದ ಕಡ್ಡಿ ಉಜ್ಜಿ, ಸ್ಟೀಲ್ ಬ್ರಷ್‌ನಲ್ಲಿ ತಿಕ್ಕಿ, ಒರೆಸಿ. ಕನ್ನಡಿ ಹಾಗೆ ಒಂದೇ ಸಮ ಹರಡಿರಬೇಕು. ಎಲೆ ಮೇಲಿನ ನೀರಿನ ಹಾಗೆ ಗುಂಡಾಗಿ ನಿಂತ ಕಡೆ ಕೊಳೆ ಇದೆ. ಹಳದಿ ತಿರುಗಿದರೆ ಕಾವು ಜಾಸ್ತಿಯಾಗಿ ತವರ ಸುಟ್ಟಿದೆ. ಎರಡೂ ಕಡೆ ಮತ್ತೆ ಫ್ಲಕ್ಸ್, ಮತ್ತೆ ತವರ. ಆಮೇಲೆ ಬಿಸಿನೀರಲ್ಲಿ ಫ್ಲಕ್ಸ್ ತೊಳೆಯಿರಿ. ಒಳಗೆ ಉಳಿದರೆ ಹೊಯ್ಯುವಾಗ ಗುಳ್ಳೆ ಏಳುತ್ತೆ, ಮುಂದೆ ತುಕ್ಕಿಗೂ ಅದೇ ದಾರಿ.

ರೇಡಿಯೋ ಸೋಲ್ಡರ್‌ನಲ್ಲಿ ಕಲಾಯಿ ಮಾಡೋರಿಗೆ ಕೈ ಮುಗಿದು ಹೇಳ್ತೀನಿ, ಬೇಡ. ಅದರಲ್ಲಿ ಸೀಸ ಇದೆ, 183 ಡಿಗ್ರಿಗೇ ಮೆತ್ತಗಾಗೋ ಪದರ ಹಿಡಿತದ ಜಾಗದಲ್ಲೇ ಕೂರುತ್ತೆ. ಸೀಸದ ಅಗ್ಗದ ವೈಟ್ ಮೆಟಲ್‌ನ ಚೂರು ತವರದ ಪಾತ್ರೆಗೆ ಬೀಳೋದೂ ಅಷ್ಟೇ ಕೆಟ್ಟದ್ದು.

ಹೊಯ್ಯೋದರಲ್ಲಿ ಕಾವಿನದ್ದೇ ಆಟ. ತವರ 89, ಆಂಟಿಮನಿ 7.5, ತಾಮ್ರ 3.5 ಇರೋ ಲೋಹ ಪೂರ್ತಿ ಕರಗೋದು 354ರ ಹತ್ತಿರ, ಹೊಯ್ಯಬೇಕಾದ್ದು 420ರ ಆಸುಪಾಸು. ಪಾತ್ರೆಯ ತಳದಿಂದ ಕಲಕಿ, ಮೇಲಿನ ಕೆನೆ ಸರಿಸಿ. ಆ ಹೊತ್ತಿಗೆ ಶೆಲ್ ಮೇಲಿನ ತವರ ಮತ್ತೆ ಕರಗಿ ಹೊಳೀತಿರಬೇಕು, ಅಂದರೆ ಶೆಲ್ 232 ದಾಟಿರಬೇಕು. ಮ್ಯಾಂಡ್ರಿಲ್‌ಗೆ (ಶೆಲ್ ನಡುವೆ ನಿಲ್ಲಿಸೋ ಗುಂಡು ಅಚ್ಚು) ಮಸಿ ಹಿಡಿಸಿ, ಶೆಲ್‌ಗಿಂತ ಸ್ವಲ್ಪ ಜಾಸ್ತಿ ಕಾಯಿಸಿ. ಹೊಯ್ದ ತಕ್ಷಣ ಶೆಲ್‌ನ ಬೆನ್ನಿಗೆ ಕೆಳಗಿನಿಂದ ಮೇಲಕ್ಕೆ ಒದ್ದೆ ಬಟ್ಟೆ ಒತ್ತಿ. ಗಟ್ಟಿಯಾಗೋದು ಶೆಲ್ ಕಡೆಯಿಂದ ಶುರುವಾದರೆ ಕುಗ್ಗೋ ಸಂದು ಮ್ಯಾಂಡ್ರಿಲ್ ಕಡೆ ಬೀಳುತ್ತೆ, ಅದು ಬೋರಿಂಗ್‌ನಲ್ಲಿ (ಒಳಮೈ ಅಳತೆಗೆ ಕೊರೆಯುವಾಗ) ಹೋಗುತ್ತೆ. ಹಾಗೇ ಆರಲು ಬಿಟ್ಟರೆ ಸಂದು ಹಿಡಿತದ ಜಾಗಕ್ಕೇ ಬಂದು, ಒಳ್ಳೇ ಕಲಾಯಿಯೂ ವ್ಯರ್ಥ. ಆದರೆ ನೀರಿನ ಒಂದು ಹನಿಯೂ ಕರಗಿದ ಲೋಹಕ್ಕೆ ತಾಗಬಾರದು, ಸಿಡಿದು ಮುಖಕ್ಕೇ ಬರುತ್ತೆ. ಕನ್ನಡಕ, ತೊಗಲಿನ ಕೈಗವಸು, ಶೂ ಇಲ್ಲದೆ ನಿಲ್ಲಬೇಡಿ. ಚಪ್ಪಲಿ ಹಾಕಿ ಹೊಯ್ಯೋ ವೀಡಿಯೋ ನೋಡಿ ಕಲೀಬೇಡಿ.

ಕಾವು ನೋಡೋಕೆ ದೂರದಿಂದ ಗುರಿಯಿಟ್ಟು ನೋಡೋ ಗನ್ ಥರ್ಮಾಮೀಟರ್ ನಂಬಬೇಡಿ. ಫ್ಲೂಕ್‌ನಂಥ ದೊಡ್ಡ ಕಂಪನಿಯದ್ದೇ ಆಗಲಿ, ಹೊಳೆಯೋ ಲೋಹದ ಮೇಲೆ ಕಡಿಮೆ ತೋರಿಸುತ್ತೆ. ಕೆ ಟೈಪ್ ಥರ್ಮೋಕಪಲ್ (ಕಾವು ಅಳೆಯೋ ತಂತಿ) ಮುಳುಗಿಸಿ ನೋಡಿ, ಅಗ್ಗದ್ದೇ ಸಾಕು.

"ಬೋರ್ ಆದಮೇಲೆ ಓವನ್‌ನಲ್ಲಿ ಬೇಯಿಸಿದರೆ ಹಿಡಿತ ಹೆಚ್ಚುತ್ತೆ" ಅಂತಲೂ ಒಬ್ಬರು ಬರೆದಿದ್ದಾರೆ. ಎಲೆಕ್ಟ್ರೋಲೆಸ್ ನಿಕ್ಕಲ್ ಪ್ಲೇಟಿಂಗ್‌ಗೆ (ಕರೆಂಟಿಲ್ಲದೆ ರಾಸಾಯನಿಕದಲ್ಲಿ ಹಾಕೋ ನಿಕ್ಕಲ್ ಲೇಪ) ಆ ಮಾತು ಸರಿ, ಇದಕ್ಕಲ್ಲ. ಇಲ್ಲಿ ಕಾವು ಕೊಟ್ಟಷ್ಟೂ ಬೆರಕೆ ಪದರ ದಪ್ಪಗಾಗಿ ಗಾಜಿನ ಹಾಗೆ ಪೆಡಸಾಗುತ್ತೆ, ಗನ್‌ಮೆಟಲ್ (ತಾಮ್ರ, ತವರ ಬೆರೆತ ಕಂಚು) ಶೆಲ್‌ನಲ್ಲಂತೂ ಇನ್ನೂ ಬೇಗ. ಹೊಸ ಕಾಲದ ತೆಳು ಶೆಲ್‌ಗಳಲ್ಲಿ ತಾಮ್ರದ ಪದರಕ್ಕೂ ಮೇಲಿನ ತವರದ ಲೇಪಕ್ಕೂ ಮಧ್ಯೆ ಒಂದೆರಡು ಮೈಕ್ರಾನ್ ನಿಕ್ಕಲ್ ಹಾಕೋದು ಈ ಬೆರಕೆ ತಡೆಯೋಕೇ. ಎಮರಿ ಪೇಪರ್‌ನಲ್ಲಿ ಅಂಥ ಶೆಲ್ ಉಜ್ಜಿ "ಫಿಟ್" ಮಾಡೋ ಮೆಕ್ಯಾನಿಕ್ ಕಂಡರೆ ಎಂಜಿನ್ ವಾಪಸ್ ತನ್ನಿ.

  

ಹೊಯ್ದ ಶೆಲ್ ಪರೀಕ್ಷೆಗೆ ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ಇಡಿ. ಬೆಳಿಗ್ಗೆ ಒಣಗಿಸಿ ಒರೆಸಿ, ಅಂಚಿನ ಕೂಡುಗೆರೆಗೆ ಸೀಮೆಸುಣ್ಣ ಬಳಿದು, ಬೆರಳಲ್ಲಿ ಒತ್ತಿ. ಸುಣ್ಣ ಒದ್ದೆಯಾದ ಕಡೆ ಒಳಗೆ ಸಂದಿದೆ, ಕರಗಿಸಿ ಮತ್ತೆ ಶುರು ಮಾಡಿ.

ಇಷ್ಟಕ್ಕೆ ಮುಂಚೆ ಶೆಲ್ ಅಂಚಿಗೆ ಅರ ಹಾಕಿ ನೋಡಿ. ಹಳದಿ ಕಂಡರೆ ಗನ್‌ಮೆಟಲ್, ಕಲಾಯಿ ಸಲೀಸು. ಬೆಳ್ಳಗೆ ಹೊಳೆಯೋ ಸುರುಳಿ ಬಂದರೆ ಸ್ಟೀಲ್, ಮೇಲಿನ ಕ್ರಮವೇ ಸಾಕು. ಕಪ್ಪು ಪುಡಿ ಉದುರಿದರೆ ಕಾಸ್ಟ್ ಐರನ್. ಅದರ ಗ್ರಾಫೈಟ್ ಮೇಲೆ ತವರ ಕೂರಲ್ಲ, ವರ್ಷಗಟ್ಟಲೆ ಕುಡಿದ ಎಣ್ಣೆಯೂ ಕಾಯಿಸಿದಾಗ ಹೊರಗೆ ಬರುತ್ತೆ. 400 ಡಿಗ್ರಿವರೆಗೆ ಕಾಯಿಸಿ ಎಣ್ಣೆ ಸುಟ್ಟು, ಗ್ರಿಟ್ ಬ್ಲಾಸ್ಟ್ (ಗಟ್ಟಿ ಕಾಳು ಚಿಮ್ಮಿಸಿ ಮೈ ಕೆರೆಯೋದು) ಮಾಡಿಸಿ, ಅದೇ ದಿನ ಕಲಾಯಿ ಹಾಕಬೇಕು. ಅಂಥದ್ದಕ್ಕೆ ಮಾತ್ರ ಆ ಗ್ರೂವ್ ಸಲಹೆ ತೆಗೆದುಕೊಳ್ಳಿ, ಅದೂ ಡವ್‌ಟೇಲ್ ಆಕಾರದ್ದು (ಬಾಯಿ ಕಿರಿದು, ತಳ ಅಗಲ), ಕಲಾಯಿಯ ಜೊತೆಗೆ. ಯಾವುದು ಅಂತ ಇಲ್ಲೇ ಬರೆಯಿರಿ, ಅಲ್ಲಿವರೆಗೆ ಒಲೆ ಹಚ್ಚಬೇಡಿ.