ಚೆನ್ನಾಗಿ ಇಟ್ಟುಕೊಂಡ 1957ರ ಷೆವರ್ಲೆ ಬೆಲ್ ಏರ್ ನಾಲ್ಕು ಬಾಗಿಲಿನ ಸೆಡಾನ್‌ಗೆ ಎರಡು ಬಾಗಿಲಿನ ಕಾರಿನಷ್ಟು ಬೆಲೆ ಯಾಕೆ ಸಿಗಲ್ಲ?

ಬಾಗಿಲುಗಳೇ ಕಾರಣ. ಅಮೆರಿಕದಲ್ಲಿ ಹಳೆಯ ಕಾರು ಸಂಗ್ರಹಿಸುವವರು ಹೆಚ್ಚಾಗಿ ಹುಡುಕುವುದು ಎರಡು ಬಾಗಿಲಿನ ಹಾರ್ಡ್‌ಟಾಪ್ (ಪಕ್ಕದ ಕಿಟಕಿಗಳ ನಡುವೆ ಕಂಬವಿಲ್ಲದ್ದು) ಅಥವಾ ಚಾವಣಿ ಮಡಚುವ ಕನ್ವರ್ಟಿಬಲ್. ನಾಲ್ಕು ಬಾಗಿಲಿನ ಸೆಡಾನ್ ಮನೆಮಂದಿಯ ಕಾರು. ತಯಾರಾದದ್ದು ಜಾಸ್ತಿ, ಆಸೆಪಡುವವರು ಕಡಿಮೆ. ಮುಂಭಾಗ, ಹಿಂದಿನ ರೆಕ್ಕೆಯಂಥ ಅಂಚು ಎಲ್ಲ ಒಂದೇ ಥರ ಇದ್ದರೂ ಅಷ್ಟೇ.

ಹಾಗಂತ ಮಾರುವ ಮೊದಲು ಸುಮ್ನೆ ಹೊಸ ಪೇಂಟ್ ಹೊಡೆಸಬೇಡಿ. ಸೆಡಾನ್‌ನಲ್ಲಿ ಆ ಖರ್ಚು ವಾಪಸ್ ಬರುವುದು ಕಷ್ಟ. ಮೇಲಾಗಿ, ಕೆಳಗೆ ತುಕ್ಕು ಮುಚ್ಚಿದ್ದಾರಾ ಅನ್ನೋ ಅನುಮಾನ ಕೊಳ್ಳುವವರಿಗೆ ಬರುತ್ತದೆ. ಕಾರ್ಖಾನೆಯ ಬಣ್ಣ ಸ್ವಲ್ಪ ಮಾಸಿದ್ದರೂ ಅದೇ ನಿಮ್ಮ ದೊಡ್ಡ ಬಲ. ಅಡಿಭಾಗದ ಫೋಟೊ, ಹಳೆಯ ಸರ್ವಿಸ್ ಬಿಲ್ ತೋರಿಸಿ. ಎಂಜಿನ್ ಹಿಂದಿನ ತಗಡಿನ ಗೋಡೆಯ ಮೇಲೆ ಒಂದು ಸಣ್ಣ ಫಲಕ ಇರುತ್ತದೆ, ಅದರ ಫೋಟೊವನ್ನೂ ಕೊಡಿ. ಮೂಲ ಬಣ್ಣದ ಕೋಡ್ ಅದರಲ್ಲೇ ಇದೆ.